ಎರಡು ಸಾವಿರ ಜನ ಉಳಿಸಿದ ಕೋಟೆ: ಎಗೆರ್ ಕಲಿಸುವ ಸೂತ್ರಗಳು

1552ರ ಸೆಪ್ಟೆಂಬರ್. ಹಂಗೇರಿಯ ಗಡಿಯಲ್ಲಿದ್ದ ಎಗೆರ್ ಕೋಟೆಯೊಳಗೆ ಹೆಂಗಸರು, ರೈತರೆಲ್ಲ ಸೇರಿ ಎರಡು ಸಾವಿರಕ್ಕಿಂತ ತುಸು ಹೆಚ್ಚು ಜನ. ಹೊರಗೆ ಅಟೊಮನ್ ಸೇನೆ; ಇಂದಿನ ಇತಿಹಾಸಕಾರರ ಅಂದಾಜಿನಲ್ಲಿ 35ರಿಂದ 40 ಸಾವಿರ. ಐದು ವಾರದ ಮೇಲೆ ಹಿಂದೆ ಸರಿದದ್ದು ದೊಡ್ಡ ಸೇನೆಯೇ. ಜನ ಸಾಲದು, ಹಣ ಸಾಲದು ಎಂದು ಕೈಚೆಲ್ಲುವ ಮುನ್ನ ಕೋಟೆಯ ನಾಯಕ ಇಷ್ಟ್ವಾನ್ ದೋಬೊ ಏನು ಮಾಡಿದ ಎಂಬುದನ್ನು ನೋಡಿ.

1. ನೆರೆಯವರ ಸೋಲನ್ನು ಬಿಡಿಸಿ ನೋಡಿ
ಅದೇ ವರ್ಷ ತೆಮೆಶ್ವಾರ್ ಕೋಟೆಯವರು, ಸುರಕ್ಷಿತವಾಗಿ ಹೋಗಬಿಡುತ್ತೇವೆಂಬ ಅಟೊಮನ್ನರ ಮಾತು ನಂಬಿ ಬಾಗಿಲು ತೆರೆದರು. ಅವರ ನಾಯಕನೇ ಕೊಲೆಯಾದ. ಸೊಲ್ನೊಕ್ ಕೋಟೆಯಲ್ಲಿ ಫಿರಂಗಿಗೆ ಕೊರತೆಯಿರಲಿಲ್ಲ, ಆದರೆ ಕೂಲಿ ಸೈನಿಕರು ರಾತ್ರೋರಾತ್ರಿ ಓಡಿಹೋದರು. ಎರಡೂ ಕಡೆ ಕೈಕೊಟ್ಟದ್ದು ಬರೀ ಗೋಡೆಯಲ್ಲ. ನಿಮ್ಮ ಕಸುಬಿನಲ್ಲಿ ಇತ್ತೀಚೆಗೆ ಬಾಗಿಲು ಹಾಕಿದವರು ಯಾರು, ಅವರಲ್ಲಿ ಮೊದಲು ಕೈಕೊಟ್ಟದ್ದು ಯಾವುದು? ಬರೆದಿಟ್ಟುಕೊಳ್ಳಿ.

2. ಬಿಟ್ಟುಕೊಡಬಾರದ್ದು ಯಾವುದೆಂದು ಮೊದಲೇ ತೀರ್ಮಾನಿಸಿ
ಮುತ್ತಿಗೆಯ ಮುಂಚೆಯೇ ದೋಬೊ ಎಲ್ಲರಿಂದ ಪ್ರಮಾಣ ಮಾಡಿಸಿದ. ಶರಣಾಗತಿಯ ಮಾತೆತ್ತಿದವರಿಗೆ ಸಾವು. ಶತ್ರುವಿನ ಪತ್ರಕ್ಕೆ ಉತ್ತರವಿಲ್ಲ. ಶರಣಾಗಿ ಎಂಬ ಓಲೆ ಬಂದಾಗ ಎರಡು ಈಟಿಗಳ ನಡುವೆ ಒಂದು ಶವಪೆಟ್ಟಿಗೆಯನ್ನು ಕೋಟೆಗೋಡೆಯ ಮೇಲೆ ಇರಿಸಿದ. ಪ್ರತಿದಿನ ಅದೇ ವಿಷಯವನ್ನು ಮತ್ತೆ ಚರ್ಚಿಸುವ ತಂಡಕ್ಕೆ ಕೆಲಸಕ್ಕೆ ಹೊತ್ತು ಉಳಿಯುವುದಿಲ್ಲ.

3. ಸಿದ್ಧವಸ್ತುವಿನ ಜೊತೆ ಕಚ್ಚಾವಸ್ತುವನ್ನೂ ಕೂಡಿಡಿ
ನನ್ನ ಮಟ್ಟಿಗೆ ಇಡೀ ಮುತ್ತಿಗೆಯ ತಿರುಳು ಇಲ್ಲಿದೆ. ಅಕ್ಟೋಬರ್ 4ರಂದು, ಕೋಟೆಯೊಳಗಿನ ಚರ್ಚಿನಲ್ಲಿ ಇರಿಸಿದ್ದ ಮದ್ದಿನ ದಾಸ್ತಾನು ಸಿಡಿದು, ಕಟ್ಟಡವೂ ಹತ್ತಿರವಿದ್ದವರೂ ಹಾರಿಹೋದರು. ಹೊರಗಿನವರಿಗೆ ಇನ್ನು ಆಟ ಮುಗಿಯಿತೆಂದೇ ಅನ್ನಿಸಿರಬೇಕು. ಆದರೆ ದೋಬೊನ ಬಳಿ ಪೆಟ್ಲುಪ್ಪಿತ್ತು, ಗಂಧಕವಿತ್ತು, ಇದ್ದಿಲಿತ್ತು. ಇವನ್ನು ಅರೆದು ಬೆರೆಸಬಲ್ಲ ಕೈಗಳೂ ಇದ್ದವು. ಹೊಸ ಮದ್ದು ಕೋಟೆಯೊಳಗೇ ತಯಾರಾಯಿತು, ಫಿರಂಗಿ ನಿಲ್ಲಲಿಲ್ಲ. ಯುದ್ಧಕಾಲೇ ಶಸ್ತ್ರಾಭ್ಯಾಸ ಆಗದು ಎನ್ನುತ್ತೇವಲ್ಲ, ಅದಕ್ಕೂ ಒಂದು ಹೆಜ್ಜೆ ಮುಂದಿನ ಮಾತಿದು. ನೀವು ನೆಚ್ಚಿಕೊಂಡ ಒಂದು ದಾಸ್ತಾನು, ಒಬ್ಬ ಗಿರಾಕಿ ನಾಳೆ ಇಲ್ಲವಾದರೆ ಮತ್ತೆ ಕಟ್ಟಿಕೊಳ್ಳುವ ಸಾಮಾನು, ಕಟ್ಟಬಲ್ಲ ಜನ ನಿಮ್ಮಲ್ಲಿದ್ದಾರೆಯೇ? ಇಲ್ಲದಿದ್ದರೆ ಇವತ್ತೇ ಒಬ್ಬರಿಗಾದರೂ ಆ ಕೆಲಸ ಕಲಿಸಲು ಶುರುಮಾಡಿ.

4. ನೆಲದಡಿಯ ಸದ್ದಿಗೆ ಕಿವಿಗೊಡಿ
ಶತ್ರುಗಳು ಗೋಡೆಯಡಿ ಸುರಂಗ ತೋಡುತ್ತಿದ್ದರು. ಕಾವಲಿನವರು ತಮಟೆಗಳ ಮೇಲೆ ಬಟಾಣಿ ಕಾಳು ಹರಡಿ, ಬೋಗುಣಿಗಳಲ್ಲಿ ನೀರು ತುಂಬಿ ನೆಲದ ಮೇಲಿಟ್ಟರು ಎಂಬುದು ಎಗೆರ್‌ನಲ್ಲಿ ಬಾಯಿಂದ ಬಾಯಿಗೆ ಬಂದ ಮಾತು. ಕಾಳು ಅದುರಿದ ಕಡೆ ಅಗೆಯುವುದು. ಖರ್ಚಿಲ್ಲದ ಇಂಥ ಒಂದು ಗುರುತು ನಿಮ್ಮ ಕೆಲಸಕ್ಕೂ ಇರಲಿ: ತಡವಾಗಿ ಬರುವ ಪಾವತಿ, ಮಾತು ಕಡಿಮೆ ಮಾಡಿದ ನೌಕರ.

5. ಇರುವುದರಲ್ಲೇ ಆಯುಧ ಹುಡುಕಿ
ಗೆರ್ಗೆಯ್ ಬೊರ್ನೆಮಿಸ್ಸಾ ಎಂಬ ಅಧಿಕಾರಿ ಒಂದು ಗಿರಣಿಯ ಚಕ್ರ ತರಿಸಿ, ಅದರೊಳಗೆ ಮದ್ದು, ಕೊಬ್ಬು, ಗುಂಡು ತುಂಬಿದ ಬಂದೂಕಿನ ನಳಿಗೆಗಳನ್ನು ಬಿಗಿದು, ಬೆಂಕಿ ಹಚ್ಚಿ ಏರಿಬರುವವರ ಮೇಲೆ ಉರುಳಿಬಿಟ್ಟ. ಹೊಸದೇನನ್ನೂ ಕೊಳ್ಳುವ ಮೊದಲು ನಿಮ್ಮ ಗೋದಾಮಿನ ಮೂಲೆ ನೋಡಿ.

6. ಕಾಲವನ್ನು ನಿಮ್ಮ ಕಡೆ ಮಾಡಿಕೊಳ್ಳಿ
ಹಗಲು ಫಿರಂಗಿ ಒಡೆದ ಗೋಡೆಯನ್ನು ರಾತ್ರಿ ಮರ, ಮಣ್ಣು, ಪೀಪಾಯಿ ತುಂಬಿ ಮುಚ್ಚುತ್ತಿದ್ದರು. ಎದುರಾಳಿಯನ್ನು ಬಯಲಿನಲ್ಲಿ ಸೋಲಿಸುವ ಹಂಬಲ ದೋಬೊಗೆ ಇರಲಿಲ್ಲ. ಚಳಿ ಬರುವವರೆಗೆ ನಿಂತರೆ ಸಾಕಿತ್ತು. ಅಕ್ಟೋಬರ್ ಬಂತು, ಚಳಿ ಹಿಡಿಯಿತು, ಡೇರೆಗಳಲ್ಲಿದ್ದ ಸೇನೆ ಬಸವಳಿಯಿತು.

7. ಯಾರನ್ನೂ ಬರಿದೇ ಕೂರಿಸಬೇಡಿ
ಹೆಂಗಸರು ಗೋಡೆಯ ಮೇಲಿಂದ ಕುದಿನೀರು, ಕಾದ ರಾಳ ಸುರಿದರು, ಕಲ್ಲು ಹೊತ್ತರು, ಕೊನೆಯ ದಾಳಿಯಲ್ಲಿ ಕತ್ತಿ ಹಿಡಿದರು. ಬೆರ್ತಲಾನ್ ಸೇಕೆಯ್ 1867ರಲ್ಲಿ ಬಿಡಿಸಿದ ಪ್ರಸಿದ್ಧ ಚಿತ್ರ ಇವರದ್ದೇ. ನಿಮ್ಮ ಮನೆಯ, ಕಚೇರಿಯ ಯಾರನ್ನು ‘ಅವರಿಗೇನು ಗೊತ್ತು’ ಎಂದು ಬದಿಗಿಟ್ಟಿದ್ದೀರಿ?

8. ಗೆದ್ದ ಮೇಲೆ ಕೈಬಿಡಬೇಡಿ
ಮುತ್ತಿಗೆಯುದ್ದಕ್ಕೂ ದೊರೆ ಫರ್ಡಿನಾಂಡ್‌ನ ನೆರವಿನ ಪಡೆ ಬರಲಿಲ್ಲ. ಗೆದ್ದ ಮೇಲೆ ನೊಂದ ದೋಬೊ ಹುದ್ದೆ ತೊರೆದ. ಜನರು ಗೆದ್ದ ವಾರದಲ್ಲೇ ಅವರಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿ, ಅವರ ಹೆಸರನ್ನು ಎಲ್ಲರೆದುರು ಹೇಳಿ. ಉಳಿಸಿಕೊಳ್ಳಬೇಕಾದ್ದು ಗೋಡೆಗಿಂತ ಅಂಥ ಜನರನ್ನೇ: 1596ರಲ್ಲಿ ಸುಲ್ತಾನ ಮೂರನೆಯ ಮೆಹ್ಮದ್ ಇನ್ನೂ ದೊಡ್ಡ ಸೇನೆಯೊಂದಿಗೆ ಎಗೆರ್‌ಗೆ ಬಂದ. ಈ ಸಲ ಇಟಲಿಯ ಎಂಜಿನಿಯರುಗಳು ಕಟ್ಟಿದ ಹೊಸ ಕೊತ್ತಲಗಳಿದ್ದವು, ಒಳಗೆ ಸೈನಿಕರೂ ಮೊದಲಿಗಿಂತ ಹೆಚ್ಚು. ಆದರೆ ಬಹುಪಾಲು ಹೊರನಾಡಿನ ಕೂಲಿ ಸೈನಿಕರು. ಮೂರು ವಾರದಲ್ಲಿ ಅವರು ಕೋಟೆ ಒಪ್ಪಿಸಿದರು. ಅದನ್ನು ಮರಳಿ ಪಡೆಯಲು 1687ರವರೆಗೆ ಕಾಯಬೇಕಾಯಿತು.