ಕೊಬ್ಬರಿ ಅಟ್ಟಕ್ಕೊಂದು ಕ್ಯಾಮೆರಾ: ಒಳಗಿನ ಫರ್ಮ್‌ವೇರನ್ನೂ ಅರಿಯೋಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬೆಳೆಗಾರರ ಉಳಿತಾಯ ಬ್ಯಾಂಕಿಗಿಂತ ಮೊದಲು ಅಟ್ಟದ ಮೇಲಿರುತ್ತದೆಂಬುದು ಸದಸ್ಯ ಬಾಂಧವರಿಗೆ ಹೊಸತಾಗಿ ಹೇಳಬೇಕಾದ ಮಾತಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ, ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಉಂಡೆ ಕೊಬ್ಬರಿಯಾಗುತ್ತದೆ. ಈ ಅವಧಿಯಲ್ಲಿ ಯಾರೂ ಕಾಯಿ ಎಣಿಸುವುದಿಲ್ಲ. ಕಳುವಾದರೆ ತಿಳಿಯುವುದು ಸುಲಿಯುವವರು ಬಂದ ದಿನವೇ. 2025ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂ.; ಅದೇ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ 20,000 ರೂ. ದಾಟಿತು. ಇಂಥ ಮಾಲು ಮನೆಯಲ್ಲಿರುವಾಗ ಕ್ಯಾಮೆರಾ ಹಾಕಿಸೋಣವೆಂಬ ಯೋಚನೆ ಸಹಜವೇ. ಆದರೆ ಕ್ಯಾಮೆರಾ ತೂಗುಹಾಕಿದೊಡನೆ ಕಾವಲು ಆರಂಭವಾಯಿತೆಂದು ತಿಳಿಯುವುದು ಸಲ್ಲದು.

ಮೊದಲು ಜಾಗದ ವಿಚಾರ. ಅಂಗಳವನ್ನೆಲ್ಲ ಒಂದೇ ಕ್ಯಾಮೆರಾದಲ್ಲಿ ಹಿಡಿಯುವ ಆಸೆ ಬೇಡ. ಅಟ್ಟದ ಏಣಿ, ಕೊಬ್ಬರಿ ಮನೆಯ ಬಾಗಿಲು, ಅಡಿಕೆ ಒಣಗಿಸುವ ಕಣ, ಗಾಡಿ ಬಂದು ನಿಲ್ಲುವ ಗೇಟು ಇವು ಮುಖ್ಯ. ರಾತ್ರಿ ಕ್ಯಾಮೆರಾ ಹೊರಸೂಸುವ ಅವಗೆಂಪು ಬೆಳಕಿಗೆ ಹುಳು ಬರುತ್ತದೆ, ಹುಳುವಿಗಾಗಿ ಜೇಡ ಬಲೆ ಕಟ್ಟುತ್ತದೆ, ಬಲೆಗೆ ನಾರಿನ ಧೂಳು ಕೂರುತ್ತದೆ; ಆಮೇಲೆ ಚಿತ್ರದಲ್ಲಿ ಬಿಳಿ ಮಂಜೇ ಹೊರತು ಬೇರೇನಿಲ್ಲ. ವಾರಕ್ಕೊಮ್ಮೆ ಮೆತ್ತನೆಯ ಬಟ್ಟೆಯಲ್ಲಿ ಒರೆಸುವುದು ಒಳ್ಳೆಯದು. ತೆಂಗಿನ ಗರಿ ಅಲ್ಲಾಡುವ ಕಡೆಗೆ ಮುಖಮಾಡಿದರೆ ಗಾಳಿ ಬಂದಾಗಲೆಲ್ಲ ಫೋನು ಕೂಗಿಕೊಳ್ಳುತ್ತದೆ. ನಾಲ್ಕು ದಿನದಲ್ಲಿ ನೀವೇ ಬೇಸತ್ತು ಅದರ ಬಾಯಿ ಮುಚ್ಚಿಸುತ್ತೀರಿ. ನೆರೆಯವರ ಹಿತ್ತಿಲಿನ ಕಡೆಗೂ ತಿರುಗಿಸಬೇಡಿ.

ಎರಡನೆಯದು ಲೆಕ್ಕ. ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಚಿತ್ರ ಕಳಿಸುವ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತುಂಬುತ್ತದೆ. ನಾಲ್ಕು ಕ್ಯಾಮೆರಾಗಳಿಗೆ 86 ಜಿಬಿ. 1 ಟಿಬಿ ಹಾರ್ಡ್‌ಡಿಸ್ಕ್ ಹನ್ನೊಂದು ದಿನಕ್ಕೆ ಭರ್ತಿಯಾಗಿ, ಹಳೆಯದರ ಮೇಲೆ ಹೊಸದನ್ನು ಬರೆಯತೊಡಗುತ್ತದೆ. ಹತ್ತು ತಿಂಗಳು ಕೂರುವ ಕಾಯಿಗೆ ಹನ್ನೊಂದು ದಿನದ ಸಾಕ್ಷಿ! ಆದುದರಿಂದ ಅಟ್ಟದ ಕ್ಯಾಮೆರಾವನ್ನು ಚಲನೆ ಕಂಡಾಗ ಮಾತ್ರ ದಾಖಲಿಸುವಂತೆ ಇಡತಕ್ಕದ್ದು. ದಿನವೆಲ್ಲ ಯಾರೂ ಹತ್ತದ ಏಣಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಅದೇ ಡಿಸ್ಕ್ ಎಷ್ಟೋ ಹೆಚ್ಚು ದಿನ ಬಾಳುತ್ತದೆ. ಹಾಗಿದ್ದೂ ತಿಂಗಳಿಗೊಮ್ಮೆಯಾದರೂ ದಾಖಲೆ ತೆರೆದು ನೋಡಬೇಕು.

ಇನ್ನು ಫರ್ಮ್‌ವೇರ್. ಇಂದಿನ ಕ್ಯಾಮೆರಾ ಎಂದರೆ ಕಣ್ಣುಳ್ಳ ಒಂದು ಸಣ್ಣ ಕಂಪ್ಯೂಟರು. ಅದರೊಳಗಿನ ಒಂದು ಚಿಪ್ಪಿನಲ್ಲಿ (ಕಾಯಿ ಚಿಪ್ಪಲ್ಲ) ವಿದ್ಯುತ್ ಹೋದರೂ ಅಳಿಯದಂತೆ ಬರೆದಿಟ್ಟ ಕಾರ್ಯಕ್ರಮವೇ ಫರ್ಮ್‌ವೇರ್. ಯಾವಾಗ ದೀಪ ಹತ್ತಬೇಕು, ಯಾವುದನ್ನು ಚಲನೆ ಎನ್ನಬೇಕು, ಯಾರು ಪಾಸ್‌ವರ್ಡ್ ಕೇಳಿದರೆ ಬಾಗಿಲು ತೆರೆಯಬೇಕು ಎಂಬುದೆಲ್ಲ ಅಲ್ಲಿ ನಿರ್ಧಾರವಾಗುತ್ತದೆ. ನೀವು ಮಾಡಿದ ಹೊಂದಾಣಿಕೆಗಳು ಬೇರೆ, ಫರ್ಮ್‌ವೇರ್ ಬೇರೆ. ರೀಸೆಟ್ ಗುಂಡಿ ಒತ್ತಿದರೆ ಹೊಂದಾಣಿಕೆ ಅಳಿಸುತ್ತದೆ; ಫರ್ಮ್‌ವೇರಿನ ದೋಷ ಹಾಗೆಯೇ ಉಳಿಯುತ್ತದೆ.

ಇದರ ಮಹತ್ವ ಜಗತ್ತಿಗೆ ಮನವರಿಕೆಯಾದದ್ದು 2016ರಲ್ಲಿ. ಮಿರಾಯ್ ಎಂಬ ದುಷ್ಟ ಕಾರ್ಯಕ್ರಮವು ಕಾರ್ಖಾನೆಯಲ್ಲಿ ಇಟ್ಟ ಸುಮಾರು 60 ಮಾಮೂಲಿ ಹೆಸರು-ಪಾಸ್‌ವರ್ಡುಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳ ಒಳಹೊಕ್ಕಿತು. ಅಕ್ಟೋಬರ್ 21ರಂದು ಇಂಥ ಸಾಧನಗಳು ಒಟ್ಟಾಗಿ ಅಮೆರಿಕದ ಡಿನ್ ಎಂಬ ಸಂಸ್ಥೆಯ ಮೇಲೆ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಎಷ್ಟೋ ಜನರಿಗೆ ಗಂಟೆಗಟ್ಟಲೆ ಸಿಗಲಿಲ್ಲ. ಕ್ಯಾಮೆರಾದ ಯಜಮಾನನಿಗೆ ಇದರ ಸುಳಿವೇ ಇರಲಿಲ್ಲ. ಕರೆಂಟು ತೆಗೆದು ಹಾಕಿದರೆ ಮಿರಾಯ್ ಹೊರಟುಹೋಗುತ್ತಿತ್ತು, ಪಾಸ್‌ವರ್ಡ್ ಹಳೆಯದೇ ಆಗಿದ್ದರೆ ಸ್ವಲ್ಪ ಹೊತ್ತಿನಲ್ಲೇ ಮರಳಿ ಸೇರುತ್ತಿತ್ತು. ಕೆಲವು ಸಾಧನಗಳಲ್ಲಂತೂ ಪಾಸ್‌ವರ್ಡು ಫರ್ಮ್‌ವೇರಿನೊಳಗೇ ಅಚ್ಚಾಗಿದ್ದು, ಯಜಮಾನನಿಗೆ ಬದಲಾಯಿಸುವ ದಾರಿಯೇ ಇರಲಿಲ್ಲ. ನಮ್ಮ ಅಟ್ಟಕ್ಕೆ ಇದರಿಂದೇನು ಎನ್ನಬಹುದು. ಒಳಹೊಕ್ಕವನಿಗೆ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬುದೂ ಕಾಣುತ್ತದೆ. ಕಳ್ಳನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಆದುದರಿಂದ ಅಳವಡಿಸಿದ ಹುಡುಗ ಹೊರಡುವ ಮೊದಲೇ ಪಾಸ್‌ವರ್ಡನ್ನು ನೀವೇ ಕೂತು ಬದಲಾಯಿಸಿ, ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಅವನ ಫೋನಿನಲ್ಲಿ ನಿಮ್ಮ ಕ್ಯಾಮೆರಾ ಉಳಿದಿದ್ದರೆ ತೆಗೆಸಿ. ಇದರಲ್ಲಿ ದಾಕ್ಷಿಣ್ಯ ಬೇಡ. ರೌಟರಿನಲ್ಲಿ ಯುಪಿಎನ್‌ಪಿ ಎಂಬುದಿದ್ದರೆ ನಿಲ್ಲಿಸಿ. ಅದು ಕೇಳಿದ ಸಾಧನಕ್ಕೆಲ್ಲ ಹೊರಗಿನಿಂದ ಬರುವ ಬಾಗಿಲನ್ನು ತಾನಾಗಿ ತೆರೆದುಕೊಡುತ್ತದೆ.

ಫರ್ಮ್‌ವೇರ್ ನವೀಕರಿಸುವಾಗ ಅವಸರ ಕೂಡದು. ಕ್ಯಾಮೆರಾದ ಮಾದರಿ ಸಂಖ್ಯೆ, ಈಗಿರುವ ಆವೃತ್ತಿ ಎರಡನ್ನೂ ಬರೆದುಕೊಂಡು, ತಯಾರಕರ ಸ್ವಂತ ಜಾಲತಾಣದಿಂದ ಅಥವಾ ಅವರ ಆ್ಯಪ್ ಮೂಲಕವೇ ಪಡೆಯಬೇಕು. ಹತ್ತಿರದ ಮಾದರಿಯದಾದರೂ ಬೇರೆಯದನ್ನು ಹಾಕಿದರೆ ಕ್ಯಾಮೆರಾ ಮತ್ತೆ ಏಳದಿರಬಹುದು. ಬರೆಯುವ ಆ ಕೆಲವು ನಿಮಿಷ ಕರೆಂಟು ಹೋಗಕೂಡದು. ನಮ್ಮ ತೋಟದ ಮನೆಗಳ ಲೈನಿನ ಸ್ಥಿತಿ ಗೊತ್ತಿದ್ದದ್ದೇ. ಯುಪಿಎಸ್ ಅಥವಾ ಇನ್ವರ್ಟರ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಗುಡುಗು ಮಳೆಯ ಸಂಜೆಯಂತೂ ಬೇಡವೇ ಬೇಡ. ಮುಗಿದ ಮೇಲೆ ಪಾಸ್‌ವರ್ಡ್, ಗಡಿಯಾರ, ದಾಖಲಾತಿ ಮೂರೂ ಹಿಂದಿನಂತೆ ಇವೆಯೇ ಎಂದು ನೋಡಿ. ರೆಕಾರ್ಡರಿಗೆ ಅದರದೇ ಬೇರೆ ಫರ್ಮ್‌ವೇರ್ ಇರುತ್ತದೆಂಬುದನ್ನು ಹಲವರು ಮರೆಯುತ್ತಾರೆ.

ಹೊಸದಾಗಿ ಕೊಳ್ಳುವವರಿಗೆ ಒಂದು ಅನುಕೂಲವಾಗಿದೆ. ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2024ರಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿ, 2025ರ ಏಪ್ರಿಲ್ 9ರಿಂದ ಜಾರಿಗೆ ತಂದಿತು. ಫರ್ಮ್‌ವೇರ್ ನವೀಕರಣದ ಸುರಕ್ಷತೆಯೂ ಈ ಪರೀಕ್ಷೆಯಲ್ಲಿ ಸೇರಿದೆ. ಅಂಗಡಿಯಲ್ಲಿ ಬಿಐಎಸ್ ನೋಂದಣಿ ಗುರುತು ತೋರಿಸಿರೆಂದು ಕೇಳಿ, ನವೀಕರಣ ಎಷ್ಟು ವರ್ಷ ಬರುತ್ತದೆಂದೂ ಕೇಳಿ. ಎರಡನೆಯ ಪ್ರಶ್ನೆಗೆ ಉತ್ತರ ಸಿಗದ ಅಗ್ಗದ ಮಾಲನ್ನು ಬಿಡುವುದೇ ಲೇಸು.

ಗಡಿಯಾರದ ಮಾತು ಸಣ್ಣದೆನಿಸಬಹುದು. ಕರೆಂಟು ಹೋಗಿ ಬಂದಾಗ ಕೆಲವು ಕ್ಯಾಮೆರಾಗಳು 1970ರ ಜನವರಿ 1ಕ್ಕೆ ಹಿಂತಿರುಗುತ್ತವೆ. ಇಂಟರ್‌ನೆಟ್ಟಿನಿಂದ ಸಮಯ ಪಡೆಯುವಂತೆ ಇಟ್ಟು, ಭಾರತದ ವೇಳೆಗೆ ಹೊಂದಿಸತಕ್ಕದ್ದು. ತಾರೀಕು ತಪ್ಪಿದ ಚಿತ್ರ ಠಾಣೆಯಲ್ಲಿ ನೂರು ಪ್ರಶ್ನೆ ಹುಟ್ಟಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ದಾಖಲೆಯ ಪ್ರತಿಯೊಂದಿಗೆ ನಿಗದಿತ ಪ್ರಮಾಣಪತ್ರ ಸಲ್ಲಿಸಬೇಕಾಗುತ್ತದೆ. ಕಳವು ಕಂಡ ದಿನವೇ ಆ ಭಾಗವನ್ನು ಪೆನ್‌ಡ್ರೈವಿಗೆ ಪ್ರತಿ ಮಾಡಿಸಿ, ರೆಕಾರ್ಡರನ್ನು ಪೊಲೀಸರು ನೋಡುವವರೆಗೆ ನಿಲ್ಲಿಸಿಡಿ. ಓಡುತ್ತಿದ್ದರೆ ಅದು ಹಳೆಯದರ ಮೇಲೆ ಬರೆಯುತ್ತಲೇ ಇರುತ್ತದೆ.