ಸಿಡುಬಿನ ನಿರ್ಮೂಲನ: ಅಂಕಿಗಳು ಕಲಿಸುವ ಪಾಠ

ಸಿಡುಬು, ಮೈಲಿ, ದೇವಿ, ಅಮ್ಮ – ಒಂದೇ ರೋಗಕ್ಕೆ ಕನ್ನಡದಲ್ಲಿ ಇಷ್ಟು ಹೆಸರುಗಳು. ಭಯವು ಭಕ್ತಿಯ ರೂಪವನ್ನು ತಾಳಿತೆಂಬುದಕ್ಕೆ ಕೊನೆಯ ಎರಡು ಹೆಸರುಗಳೇ ಸಾಕ್ಷಿ. ಲಸಿಕೆ ಬಂದ ಮೇಲೆ 'ದಾಕು ಹಾಕಿಸುವುದು' ಎಂಬ ನುಡಿಯೂ ರೂಢಿಗೆ ಬಂದಿತು. ಇಂದಿನ ವಿದ್ಯಾರ್ಥಿಗಳಿಗೆ ಆ ನುಡಿಯ ಅರ್ಥವನ್ನು ವಿವರಿಸಿ ಹೇಳಬೇಕಾಗಿದೆ. ಪದವೊಂದು ಬಳಕೆ ತಪ್ಪಿದುದಕ್ಕೆ ಸಂತೋಷಪಡಬೇಕಾದ ಪ್ರಸಂಗ ಭಾಷೆಯ ಚರಿತ್ರೆಯಲ್ಲಿ ವಿರಳವಷ್ಟೆ.

ಎಡ್ವರ್ಡ್ ಜೆನ್ನರನು ಗೋವಿನ ಸಿಡುಬಿನಿಂದ ಲಸಿಕೆಯನ್ನು ಪ್ರಯೋಗಿಸಿದುದು 1796ರಲ್ಲಿ. 1802ರಲ್ಲಿಯೇ ಅದು ಮುಂಬಯಿಯನ್ನು ಮುಟ್ಟಿತು. ಆದರೂ ರೋಗವು ಮತ್ತೆ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ನಮ್ಮನ್ನು ಬಿಡಲಿಲ್ಲ. 1962ರಲ್ಲಿ ಭಾರತ ಸರಕಾರವು ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿತು. ಮೂರು ವರ್ಷಗಳೊಳಗೆ ಜನಸಂಖ್ಯೆಯ ಶೇಕಡಾ 80 ಭಾಗಕ್ಕಾದರೂ ಲಸಿಕೆ ಹಾಕಬೇಕೆಂಬುದು ಅದರ ಗುರಿಯಾಗಿತ್ತು.

ಮೊದಲ ಫಲ ಆಶಾದಾಯಕವಾಗಿಯೇ ಇತ್ತು. 1963ರಲ್ಲಿ 83 ಸಾವಿರವನ್ನು ಮೀರಿದ್ದ ರೋಗಿಗಳ ಸಂಖ್ಯೆ 1966ರ ವೇಳೆಗೆ ಸುಮಾರು 33 ಸಾವಿರಕ್ಕೆ ಇಳಿಯಿತು. ಆದರೆ 1967ರಲ್ಲಿ ಅದು ಪುನಃ 84 ಸಾವಿರವನ್ನು ದಾಟಿತು. ಲಸಿಕೆಯೇ ನಿಷ್ಫಲವಾಯಿತೆ? ಇಲ್ಲ, ಲಸಿಕೆ ತಲುಪಬೇಕಾದವರನ್ನು ತಲುಪಿರಲಿಲ್ಲ. ಸುಲಭವಾಗಿ ಕೈಗೆ ಸಿಗುತ್ತಿದ್ದವರಿಗೆ ಮತ್ತೆ ಮತ್ತೆ ಹಾಕಿದ ಮರುಲಸಿಕೆಗಳೇ ವರದಿಗಳಲ್ಲಿ ಬಹುಪಾಲಾಗಿದ್ದವು. ಹಸುಗೂಸುಗಳು, ಊರೂರು ಅಲೆಯುವ ಕೂಲಿಕಾರರು, ಕೊಳೆಗೇರಿಗಳ ಬಡವರು ತಪ್ಪಿಹೋಗುತ್ತಿದ್ದರು. ಸಾಲದುದಕ್ಕೆ, ದ್ರವರೂಪದ ಲಸಿಕೆ ನಮ್ಮ ಬಿಸಿಲಿಗೆ ಬೇಗ ಸತ್ವಗುಂದುತ್ತಿತ್ತು.

ಈ ಅರಿವಿನಿಂದ ಕ್ರಮ ಬದಲಾಯಿತು. ಶಾಖವನ್ನು ತಾಳುವ ಒಣಲಸಿಕೆ ಬಂದಿತು. ಅದನ್ನು ತಯಾರಿಸಿದ ಕೇಂದ್ರಗಳಲ್ಲಿ ನಮ್ಮ ಬೆಳಗಾವಿಯ ಲಸಿಕಾ ಸಂಸ್ಥೆಯೂ ಒಂದು. ಕವಲುಮೊನೆಯ ಸೂಜಿಯಿಂದ ಲಸಿಕೆ ಹಾಕುವುದು ಸುಲಭವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ರೋಗಿಯಿರುವ ಮನೆಯನ್ನು ಹುಡುಕಿ ಸುತ್ತಲಿನವರಿಗೆಲ್ಲ ಕೂಡಲೆ ಲಸಿಕೆ ಹಾಕುವ ಪದ್ಧತಿ ಬಲಗೊಂಡಿತು. 1973ರ ಶರತ್ಕಾಲದಿಂದ ಸಾವಿರಾರು ಕಾರ್ಯಕರ್ತರು ರೋಗದ ಚಿತ್ರವನ್ನು ಕೈಯಲ್ಲಿ ಹಿಡಿದು ಮನೆಮನೆಗೆ ನಡೆದರು. ಅವರು ವಿಚಾರಿಸುತ್ತಿದ್ದ ಸ್ಥಳಗಳಲ್ಲಿ ಸಂತೆಯೊಡನೆ ಶಾಲೆಯೂ ಇತ್ತು. ಊರಿನ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬುದನ್ನು ಮಕ್ಕಳಿಗಿಂತ ಚೆನ್ನಾಗಿ ಬಲ್ಲವರಾರು?

1974ರಲ್ಲಿ ರೋಗಿಗಳ ಸಂಖ್ಯೆ 1 ಲಕ್ಷ 88 ಸಾವಿರಕ್ಕೆ ಏರಿತು. 31 ಸಾವಿರಕ್ಕೂ ಹೆಚ್ಚು ಜನ ಮಡಿದರು. ಬಿಹಾರದಲ್ಲಿ ಪಿಡುಗು ಘೋರವಾಗಿದ್ದುದು ನಿಜ. ಹಿಂದೆ ಮರೆಯಲ್ಲಿಯೇ ಉಳಿಯುತ್ತಿದ್ದ ರೋಗಿಗಳು ಈಗ ಲೆಕ್ಕಕ್ಕೆ ಬಂದುದೂ ನಿಜ. ಅಂಕಿಯನ್ನು ಕಂಡು ಎದೆಗುಂದಿ ಕೆಲಸ ನಿಲ್ಲಿಸಿದ್ದರೆ ಸಾಧನೆ ಅಲ್ಲಿಯೇ ಮುರಿಯುತ್ತಿತ್ತು. ಮರುವರ್ಷ, 1975ರ ಮೇ ತಿಂಗಳಲ್ಲಿ, ಭಾರತದ ಕೊನೆಯ ರೋಗಿ ಕಾಣಿಸಿಕೊಂಡರು. 1977ರಲ್ಲಿ ದೇಶವೂ, 1980ರ ಮೇ 8ರಂದು ಜಗತ್ತೂ ಸಿಡುಬಿನಿಂದ ಮುಕ್ತವೆಂದು ಘೋಷಿತವಾದವು.

ಅಧ್ಯಾಪಕರಿಗೂ ದಾನಿಗಳಿಗೂ ಇದರಲ್ಲಿ ವಿಚಾರಾರ್ಹವಾದ ಅಂಶವಿದೆ. ಇಳಿದ ಅಂಕಿಯೆಲ್ಲ ಗೆಲುವಲ್ಲ, ಏರಿದ ಅಂಕಿಯೆಲ್ಲ ಸೋಲಲ್ಲ. ಎಷ್ಟು ಜನರಿಗೆ ಮುಟ್ಟಿತು ಎಂಬ ಎಣಿಕೆಯ ಜೊತೆಗೆ ಯಾರಿಗೆ ಮುಟ್ಟಲಿಲ್ಲ ಎಂಬ ಪ್ರಶ್ನೆಯೂ ಇರಬೇಕು. ಹಾಜರಿಪುಸ್ತಕದಲ್ಲಿ ಹೆಸರಿರುವ ಮಕ್ಕಳನ್ನು ಎಣಿಸುವುದು ಸುಲಭ. ಹೆಸರೇ ಬರೆಸದ ಮಗುವಿನ ಮನೆಯನ್ನು ಹುಡುಕಿಕೊಂಡು ಹೋಗುವುದು ಕಾಯಕ.