ಮುಂಡರಗಿಗೆ ಹೋಗಿ ಬರಲು ಚಾರ್ಜ್ ಸಾಕೇ?

ಮಕ್ಕಳೇ, ಗದಗಿನಿಂದ ಮುಂಡರಗಿಗೆ ಸುಮಾರು 40 ಕಿ.ಮೀ. ಲಕ್ಷ್ಮೇಶ್ವರವೂ ಹೆಚ್ಚು ಕಡಿಮೆ ಅಷ್ಟೇ ದೂರ. ಶಿರಹಟ್ಟಿ ಇನ್ನೂ ಹತ್ತಿರ. ಪೆಟ್ರೋಲ್ ಗಾಡಿಯಲ್ಲಿ ಹೊರಟವರು ಇದನ್ನೆಲ್ಲ ಯೋಚಿಸುವುದಿಲ್ಲ. ದಾರಿಯಲ್ಲಿ ಪೆಟ್ರೋಲ್ ಬಂಕ್ ಸಿಗುತ್ತದೆ, ಐದು ನಿಮಿಷದ ಕೆಲಸ. ವಿದ್ಯುತ್ ಸ್ಕೂಟರಿನವರು ಮಾತ್ರ ಮೊದಲು ಲೆಕ್ಕ ಮಾಡಬೇಕು. ಆ ಲೆಕ್ಕವನ್ನು ನಾವೂ ಮಾಡೋಣ.

ಕರೆಂಟ್ ಬಿಲ್ಲಿನಲ್ಲಿ 'ಯೂನಿಟ್' ಎಂಬ ಪದ ನೋಡಿರುವಿರಲ್ಲವೇ? 1000 ವ್ಯಾಟಿನ ಉಪಕರಣ 1 ಗಂಟೆ ನಡೆದರೆ ಖರ್ಚಾಗುವ ಶಕ್ತಿಯೇ 1 ಯೂನಿಟ್. ಒಂದು ಸ್ಕೂಟರಿನ ಬ್ಯಾಟರಿ 3 ಯೂನಿಟ್ ಹಿಡಿಯುತ್ತದೆ, ಯೂನಿಟ್ಟಿಗೆ 30 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 90 ಕಿ.ಮೀ. ಮುಂಡರಗಿಗೆ ಹೋಗಿ ಬರಲು 80. ಉಳಿಯುವುದು ಕೇವಲ 10! ಹಿಂದೆ ಒಬ್ಬರು ಕುಳಿತರೆ, ಆಷಾಢದ ಗಾಳಿ ಎದುರಿಗೆ ಬೀಸಿದರೆ ಅದೂ ಉಳಿಯದು. ಕಪ್ಪತಗುಡ್ಡದ ಗಾಳಿಯಂತ್ರಗಳಿಂದ ವಿದ್ಯುತ್ ಕೊಡಿಸುವ ಗಾಳಿಯೇ ರಸ್ತೆಯಲ್ಲಿ ಎದುರಾದರೆ ವಿದ್ಯುತ್ ತಿನ್ನುತ್ತದೆ. ತಮಾಷೆಯಾಗಿದೆ, ಅಲ್ಲವೇ?

ಹಾಗಾದರೆ ಮುಂಡರಗಿಯಲ್ಲಿ ಸ್ವಲ್ಪ ಚಾರ್ಜ್ ಮಾಡಿಕೊಳ್ಳಬೇಕು. ಎಷ್ಟು ಹೊತ್ತು? ಸ್ಕೂಟರಿನ ಚಾರ್ಜರ್ 750 ವ್ಯಾಟಿನದಾದರೆ 1 ಯೂನಿಟ್ ತುಂಬಲು ಸುಮಾರು 1 ಗಂಟೆ 20 ನಿಮಿಷ. ಸಂತೆ ಮುಗಿಸಿ, ಚಹಾ ಕುಡಿದು ಬರುವಷ್ಟು ಹೊತ್ತು. ಇದಕ್ಕೆ ದೊಡ್ಡ ಯಂತ್ರ ಬೇಡ, ಮಳೆ ತಾಗದ ಜಾಗದಲ್ಲಿ ಒಂದು ಸಾಕೆಟ್ಟು ಮತ್ತು ಮೀಟರು ಸಾಕು. ಆದರೆ ಆ ಊರಲ್ಲಿ ನೆಂಟರ ಮನೆ ಇಲ್ಲದವರಿಗೆ ಆ ಸಾಕೆಟ್ಟು ಎಲ್ಲಿ ಸಿಗಬೇಕು? ಬಸ್ ನಿಲ್ದಾಣ, ಆಸ್ಪತ್ರೆ, ತಾಲ್ಲೂಕು ಕಚೇರಿಯಂಥ ಜಾಗಗಳಲ್ಲಿ.

ಕಾರಿನ ಮಾತು ಬೇರೆ. 30 ಯೂನಿಟ್ಟಿನ ಬ್ಯಾಟರಿಗೆ ಮನೆಯ 15 ಆಂಪಿಯರ್ ಸಾಕೆಟ್ಟಿನಲ್ಲಿ ಹೆಚ್ಚು ಕಡಿಮೆ ಇಡೀ ರಾತ್ರಿ ಬೇಕು. ಬ್ಯಾಟರಿಗೆ ಬೇಕಾದುದು ನೇರ ವಿದ್ಯುತ್. ಸಾಕೆಟ್ಟಿನಲ್ಲಿ ಬರುವುದು ಪರ್ಯಾಯ ವಿದ್ಯುತ್. ಇದನ್ನು ಬದಲಿಸುವ ಸಾಧನ ಕಾರಿನೊಳಗೆ ಚಿಕ್ಕದಾಗಿರುತ್ತದೆ. ವೇಗದ ಚಾರ್ಜರಿನಲ್ಲಿ ಅದು ಹೊರಗೆ, ಬೀರುವಿನಷ್ಟು ದೊಡ್ಡದಾಗಿ ನಿಂತಿರುತ್ತದೆ. 50 ಕಿಲೋವ್ಯಾಟಿನ ಅಂಥ ಚಾರ್ಜರ್ ಅರ್ಧ-ಮುಕ್ಕಾಲು ಗಂಟೆಯಲ್ಲಿ ಕಾರಿನ ಬ್ಯಾಟರಿಯನ್ನು ಬಹುಪಾಲು ತುಂಬುತ್ತದೆ.

50 ಕಿಲೋವ್ಯಾಟ್ ಎಂದರೆ ಎಷ್ಟು? 10 ಎಚ್.ಪಿ. ಮೋಟಾರಿನ ಹಿಟ್ಟಿನ ಗಿರಣಿಗೆ ಸುಮಾರು ಏಳೂವರೆ ಕಿಲೋವ್ಯಾಟ್ ಬೇಕು. ಅಂದರೆ ಒಂದು ಕಾರು ನಿಂತಲ್ಲೇ ಸುಮಾರು ಏಳು ಗಿರಣಿಗಳ ಕರೆಂಟ್ ಎಳೆಯುತ್ತದೆ! ನಾವು ಟಿ.ಸಿ. ಎನ್ನುವ ಪರಿವರ್ತಕಗಳಲ್ಲಿ 63 ಕೆ.ವಿ.ಎ. ಅಳತೆಯವು ಸಾಮಾನ್ಯ. ಅದರ ಬಹುಪಾಲು ಈ ಒಂದಕ್ಕೇ ಹೋದರೆ ಓಣಿಯ ದೀಪಗಳ ಗತಿ? ಆದ್ದರಿಂದ ಬೇರೆ ಟಿ.ಸಿ. ಹಾಕಿಸಬೇಕಾಗುತ್ತದೆ, ಖರ್ಚು ಏರುತ್ತದೆ. ಚಾರ್ಜ್ ಮಾಡಿಸುವ ಗಾಡಿಗಳೇ ಕಡಿಮೆ ಇರುವ ಊರಲ್ಲಿ ಆ ಖರ್ಚು ಹುಟ್ಟುವುದು ಕಷ್ಟ. ಚಾರ್ಜರ್ ಇಲ್ಲವೆಂದು ಜನ ಗಾಡಿ ಕೊಳ್ಳುವುದಿಲ್ಲ, ಗಾಡಿ ಇಲ್ಲವೆಂದು ಯಾರೂ ಚಾರ್ಜರ್ ಹಾಕುವುದಿಲ್ಲ.

ಕರ್ನಾಟಕವು 2017ರಲ್ಲೇ ವಿದ್ಯುತ್ ವಾಹನ ನೀತಿಯನ್ನು ತಂದಿತು. 2018ರಲ್ಲಿ ಕೇಂದ್ರ ಸರ್ಕಾರ ಚಾರ್ಜಿಂಗ್ ಕೇಂದ್ರ ತೆರೆಯಲು ಪ್ರತ್ಯೇಕ ಲೈಸೆನ್ಸ್ ಬೇಡವೆಂದಿತು. ಆದರೆ ಆ ವರ್ಷದ ಮಾರ್ಗಸೂಚಿಯ ಮೊದಲ ಹಂತ 40 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಿಗೆ. 2011ರ ಜನಗಣತಿಯಲ್ಲಿ ಗದಗ-ಬೆಟಗೇರಿಯ ಜನಸಂಖ್ಯೆ 2 ಲಕ್ಷದ ಒಳಗಿತ್ತು!

ಇನ್ನೊಂದು ವಿಷಯ. ವೇಗದ ಚಾರ್ಜರ್ ಕೂಡ ಶೇಕಡಾ 80 ದಾಟಿದ ಮೇಲೆ ನಿಧಾನವಾಗುತ್ತದೆ. ಖಾಲಿ ಬಸ್ಸಿಗೆ ಮೊದಲು ಹತ್ತಿದವರಿಗೆ ಸೀಟು ತಕ್ಷಣ ಸಿಗುತ್ತದೆ. ಕೊನೆಯವರು ಹುಡುಕುತ್ತ ಹೋಗಬೇಕು. ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ಜಾಗ ಹಿಡಿಯುವುದೂ ಹೀಗೆಯೇ. ಅವಸರದಿಂದ ನೂಕಿದರೆ ಅವು ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಕೂತು ಬ್ಯಾಟರಿಯನ್ನು ಕೆಡಿಸುತ್ತವೆ.

ಈಗ ನಿಮಗೊಂದು ಲೆಕ್ಕ. 50 ಕಿಲೋವ್ಯಾಟಿನ ಒಂದು ಚಾರ್ಜರ್ ಎಳೆಯುವ ವಿದ್ಯುತ್ತಿನಲ್ಲಿ 750 ವ್ಯಾಟಿನ ಎಷ್ಟು ಸ್ಕೂಟರ್ ಚಾರ್ಜರುಗಳನ್ನು ಒಟ್ಟಿಗೆ ನಡೆಸಬಹುದು? ಉತ್ತರ ಸಿಕ್ಕ ಮೇಲೆ, ನಿಮ್ಮ ಊರಿಗೆ ಮೊದಲು ಯಾವುದು ಬೇಕೆಂದು ತರಗತಿಯಲ್ಲಿ ಚರ್ಚಿಸಿ. ಟಿ.ಸಿ. ನೋಡುವುದಾದರೆ ದೂರದಿಂದಲೇ ನೋಡಿ.